ಇಲಿಯ ಜಠರ ಕಾಪಾಡಿದ ಬೇವು ಅಮ್ಮನ ಜಠರವನ್ನೂ ಕಾಪಾಡುತ್ತಾ?

ಪ್ರಶ್ನೆ: ನಮ್ಮ ಅಮ್ಮನಿಗೆ 61 ವರ್ಷ. ಶುಗರ್ ಶುರುವಾಗಿ 14 ವರ್ಷ ಆಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ 75 ಕೊಟ್ಟಿದ್ದಾರೆ, ಜೊತೆಗೆ ಪ್ಯಾಂಟೊಪ್ರಜೋಲ್. ಒಂದು ವರ್ಷದಿಂದ ಹೊಟ್ಟೆ ಉರಿ, ತೇಗು. ನಾಲ್ಕು ತುತ್ತು ತಿಂದರೆ ಹೊಟ್ಟೆ ತುಂಬಿಬಿಡುತ್ತದೆ. ಮಧುಮೇಹದಿಂದ ಜಠರಕ್ಕೆ ಆಗುವ ಹಾನಿಯನ್ನು ಗಿಡಮೂಲಿಕೆಯ ಸಾರ ತಡೆಯುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರಂತೆ, ಹಾಗೊಂದು ಸುದ್ದಿ ಓದಿದೆವು. ಅಂದಿನಿಂದ ಅಮ್ಮ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೇವಿನ ಎಲೆ, ಅಮೃತಬಳ್ಳಿ, ಹಾಗಲಕಾಯಿ, ಸೋರೆಕಾಯಿ ಸೇರಿಸಿ ರುಬ್ಬಿದ ರಸ ಕುಡಿಯುತ್ತಿದ್ದಾರೆ. ರಾತ್ರಿ ಮೆಂತ್ಯದ ಪುಡಿ. ಇದು ನಿಜಕ್ಕೂ ಕೆಲಸ ಮಾಡುತ್ತಾ? ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಬಹುದಾ? ಯಾವ ಗಿಡ ಒಳ್ಳೆಯದು? (ದಾವಣಗೆರೆಯ ಓದುಗರು)

ಉತ್ತರ: ಮೊದಲು ಎರಡು ಮಾತು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ. ಆ ಬೆಳಗಿನ ರಸವನ್ನು ಇವತ್ತೇ ನಿಲ್ಲಿಸಿ. ಆಸ್ಪಿರಿನ್ ಮತ್ತು ಪ್ಯಾಂಟೊಪ್ರಜೋಲ್ ಎರಡನ್ನೂ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಆಸ್ಪಿರಿನ್ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯ ಇದೆ. ಆಸ್ಪಿರಿನ್‌ನಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಸೋರದಿರಲಿ ಎಂದೇ ಪ್ಯಾಂಟೊಪ್ರಜೋಲ್ ಕೊಟ್ಟಿರುತ್ತಾರೆ. ಅದನ್ನು ಬರೀ ಗ್ಯಾಸ್ ಮಾತ್ರೆ ಅಂದುಕೊಂಡು ಬಿಡುವವರೇ ಜಾಸ್ತಿ.

ರಸ ಯಾಕೆ ಬೇಡ ಅಂದೆ? ಅದರಲ್ಲಿ ನನಗೆ ದೊಡ್ಡ ಹೆದರಿಕೆ ಬೇವಲ್ಲ, ಸೋರೆಕಾಯಿ. ಸೋರೆ, ಸೌತೆ, ಹೀರೆ, ಹಾಗಲ ಎಲ್ಲ ಒಂದೇ ಕುಟುಂಬದ ಬಳ್ಳಿಗಳು. ಈ ಕುಟುಂಬದ ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿ ವಿಷ ತಯಾರಿಸುತ್ತವೆ. ನಾವು ತಿನ್ನುವ ಸೋರೆಯಲ್ಲಿ ಅದು ತೀರಾ ಕಡಿಮೆ. ಆದರೆ ಎಲ್ಲೋ ಒಂದು ಕಾಯಿ ಕಹಿಯಾಗಿಬಿಡುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಅಂಥ ಕಾಯಿಯ ರಸ ಕುಡಿದರೆ ಸ್ವಲ್ಪ ಹೊತ್ತಿಗೇ ಹೊಟ್ಟೆನೋವು, ವಾಂತಿ, ಭೇದಿ. ಕೆಲವರಿಗೆ ರಕ್ತವಾಂತಿ, ಬಿಪಿ ಕುಸಿತ. ಎಂಡೋಸ್ಕೋಪಿ ಮಾಡಿದರೆ ಜಠರದ ಒಳಪದರ ಕಿತ್ತುಬಂದ ಹಾಗೆ ಕಾಣುತ್ತದೆ. 2010ರಲ್ಲಿ ದೆಹಲಿಯಲ್ಲಿ ಮಧುಮೇಹ ಇದ್ದ ಒಬ್ಬ ವಿಜ್ಞಾನಿ ಸೋರೆ ಮತ್ತು ಹಾಗಲ ಬೆರೆಸಿದ ರಸ ಕುಡಿದು ತೀರಿಕೊಂಡರು. ಅದರ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ತಜ್ಞರ ಸಮಿತಿ ಮಾಡಿ ಸಲಹೆ ಕೊಟ್ಟಿತು. ಸೋರೆಯ ಒಂದು ಚೂರು ತಿಂದು ನೋಡಿ, ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಸೋರೆ ರಸಕ್ಕೆ ಬೇರೆ ಯಾವ ರಸವನ್ನೂ ಬೆರೆಸಬೇಡಿ. ಈ ಎರಡನೇ ಮಾತನ್ನು ಗಮನಿಸಿ. ಹಾಗಲ ಮತ್ತು ಬೇವು ಸೇರಿದ ಮೇಲೆ ಸೋರೆಯ ಕಹಿ ನಾಲಿಗೆಗೆ ಹೇಗೆ ಗೊತ್ತಾಗಬೇಕು? ದೇಹ ಕೊಡುವ ಒಂದೇ ಎಚ್ಚರಿಕೆಯನ್ನು ಅಮ್ಮನ ಲೋಟದಲ್ಲಿ ನೀವೇ ಮುಚ್ಚಿಟ್ಟಿದ್ದೀರಿ. ಈ ವಿಷಕ್ಕೆ ಮದ್ದು ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಬಿಪಿ ಹಿಡಿದಿಟ್ಟು ಕಾಯಬೇಕು ಅಷ್ಟೆ. ಬೇಯಿಸಿದ ಸೋರೆ ಪಲ್ಯಕ್ಕೂ ಮೊದಲು ಚೂರು ತಿಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಬೇಯಿಸಿದ ಮಾತ್ರಕ್ಕೆ ಕಹಿ ಹೋಗಲ್ಲ.

ಇನ್ನು ನೀವು ಓದಿದ ಸುದ್ದಿ. ಅದು ಸುಳ್ಳಲ್ಲ. ನಾನು ಔಷಧಶಾಸ್ತ್ರ ಕಲಿಸುವವನು, ಇಂಥ ಪ್ರಬಂಧಗಳನ್ನು ಓದುವುದೇ ನನ್ನ ಕೆಲಸ. ಮಧುಮೇಹ ಬರಿಸಿದ ಇಲಿಗಳಿಗೆ ಯಾವುದೋ ಸೊಪ್ಪು, ತೊಗಟೆ, ಬೀಜದ ಸಾರ ಕೊಟ್ಟಾಗ ಜಠರದ ಹುಣ್ಣು ಕಡಿಮೆಯಾಯಿತು ಎಂದು ಹೇಳುವ ಪ್ರಬಂಧಗಳು ಸಾಕಷ್ಟಿವೆ. ಸುದ್ದಿ ಬರೆಯುವವರು ಅದರಲ್ಲಿ ‘ಇಲಿ’ ಎಂಬ ಪದವನ್ನು ಕೊನೆಯ ಸಾಲಿಗೆ ತಳ್ಳಿರುತ್ತಾರೆ, ಇಲ್ಲವೇ ಬಿಟ್ಟೇಬಿಟ್ಟಿರುತ್ತಾರೆ.

ಪ್ರಯೋಗ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಉತ್ತರ ಅಲ್ಲೇ ಇದೆ. ಸ್ಟ್ರೆಪ್ಟೊಜೊಟೊಸಿನ್ ಎಂಬ ಒಂದು ವಸ್ತು ಇದೆ. ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಅದು ಆರಿಸಿ ಆರಿಸಿ ಕೊಲ್ಲುತ್ತದೆ. ಒಂದು ಚುಚ್ಚುಮದ್ದು ಕೊಟ್ಟರೆ ಎರಡು ಮೂರು ದಿನದಲ್ಲಿ ಇಲಿಗೆ ಜೋರು ಶುಗರ್. ಕೆಲವು ವಾರ ಬಿಟ್ಟು ಅದರ ಜಠರಕ್ಕೆ 1 ಮಿಲಿಯಷ್ಟು ಶುದ್ಧ ಆಲ್ಕೋಹಾಲ್ ಸುರಿಯುತ್ತಾರೆ. ಇಲ್ಲವೇ ಆಸ್ಪಿರಿನ್ ಅಥವಾ ಇಂಡೊಮೆಥಾಸಿನ್ ಎಂಬ ನೋವಿನ ಮಾತ್ರೆ ಕೊಡುತ್ತಾರೆ. ಇಲ್ಲವೇ ಕಟ್ಟಿಹಾಕಿ ಚಳಿಯಲ್ಲಿ ಇಡುತ್ತಾರೆ. ಕೆಲವೇ ಗಂಟೆಯಲ್ಲಿ ಒಳಪದರದಲ್ಲಿ ರಕ್ತದ ಗೆರೆಗಳು ಏಳುತ್ತವೆ. ಅದನ್ನು ಅಳೆದು ಅಂಕ ಕೊಡುತ್ತಾರೆ. ಗಿಡದ ಸಾರವನ್ನು ಸಾಮಾನ್ಯವಾಗಿ ಈ ಹಾನಿಗೆ ಮೊದಲೇ ಕೊಟ್ಟಿರುತ್ತಾರೆ. ಸಾರ ಕುಡಿದ ಇಲಿಯಲ್ಲಿ ಗೆರೆ ಕಡಿಮೆ ಇದ್ದರೆ ಅದು ‘ಜಠರ ರಕ್ಷಕ’.

ಇದರಿಂದ ಕಲಿತದ್ದು ನಿಜವಾಗಿಯೂ ಇದೆ. ನಮ್ಮ ಜಠರದೊಳಗೆ ಲೋಹವನ್ನೂ ತಿನ್ನುವಷ್ಟು ಜೋರಾದ ಆಮ್ಲ ಇರುತ್ತದೆ. ಆದರೂ ಜಠರ ತನ್ನನ್ನು ತಾನೇ ಅರಗಿಸಿಕೊಳ್ಳಲ್ಲ. ಅಂಟು ಲೋಳೆಯ ಪದರ, ಅದರೊಳಗೆ ಸೇರಿಕೊಂಡ ಬೈಕಾರ್ಬನೇಟ್, ಕೆಳಗೆ ದಟ್ಟವಾದ ರಕ್ತ ಸಂಚಾರ, ಕೆಲವೇ ದಿನಕ್ಕೊಮ್ಮೆ ಹೊಸದಾಗುವ ಮೇಲ್ಪದರದ ಕೋಶಗಳು, ಇವೆಲ್ಲ ಸೇರಿ ಕಾವಲು ಕಾಯುತ್ತವೆ. ಶುಗರ್ ಹೆಚ್ಚಿದ ಇಲಿಯಲ್ಲಿ ಈ ನಾಲ್ಕೂ ಸೊರಗುತ್ತವೆ. ಲೋಳೆ ತೆಳುವಾಗುತ್ತದೆ, ರಕ್ತ ಹರಿವು ತಗ್ಗುತ್ತದೆ, ಆಮ್ಲಜನಕದ ಪುಂಡ ಕಣಗಳು ಜಾಸ್ತಿಯಾಗಿ ಅವನ್ನು ಹಿಡಿಯುವ ಗ್ಲುಟಾಥಯೋನ್ ಕಡಿಮೆಯಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಹಾಗಾಗಿ ಮಾಮೂಲಿ ಇಲಿಗೆ ಸಣ್ಣ ಗಾಯ ಮಾಡುವ ಆಸ್ಪಿರಿನ್, ಶುಗರ್ ಇಲಿಗೆ ದೊಡ್ಡ ಗಾಯ ಮಾಡುತ್ತದೆ. ಮನುಷ್ಯರಲ್ಲೂ ಶುಗರ್ ಇರುವವರ ಹುಣ್ಣು ಮಾಯುವುದು ತಡ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡಿದ್ದು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಔಷಧಶಾಸ್ತ್ರ ವಿಭಾಗ. ಆರ್.ಕೆ. ಗೋಯೆಲ್ ಅವರ ತಂಡ. 2004ರಲ್ಲಿ ಬೇವು ಮತ್ತು ನೀರುಬ್ರಾಹ್ಮಿ, 2006ರಲ್ಲಿ ಕಾಯಿ ಬಾಳೆ, ಹೀಗೆ ಒಂದೊಂದಾಗಿ ಮಧುಮೇಹದ ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಅವರ ಇಲಿಗಳೂ ಬೇರೆ ಥರ. ಐದು ದಿನದ ಮರಿಗೆ ಸ್ಟ್ರೆಪ್ಟೊಜೊಟೊಸಿನ್ ಕೊಟ್ಟು ಅದು ಬೆಳೆಯುವ ತನಕ ಕಾದರೆ, ನಮ್ಮಲ್ಲಿ ದೊಡ್ಡವರಿಗೆ ಬರುವ ಟೈಪ್ 2 ಶುಗರ್‌ಗೆ ಸ್ವಲ್ಪ ಹತ್ತಿರದ ಸ್ಥಿತಿ ಬರುತ್ತದೆ. ಬೇವೂ ನೀರುಬ್ರಾಹ್ಮಿಯೂ ಎರಡೂ ಹುಣ್ಣನ್ನು ತಡೆದವು. ಸ್ವಾರಸ್ಯ ಇರುವುದು ಇನ್ನೊಂದು ಕಡೆ. ಬೇವು ಇಲಿಯ ಶುಗರನ್ನೂ ಇಳಿಸಿತು. ನೀರುಬ್ರಾಹ್ಮಿ ಶುಗರನ್ನು ಹೆಚ್ಚೇನೂ ಮುಟ್ಟಲಿಲ್ಲ, ಆದರೂ ಜಠರ ಕಾಪಾಡಿತು. (ಇದು ಗದ್ದೆ ಬದುವಿನ ನೀರಲ್ಲಿ ಬೆಳೆಯುವ ಸಣ್ಣ ದಪ್ಪ ಎಲೆಯ ಗಿಡ. ನಾವು ತಂಬುಳಿ ಮಾಡುವ ಒಂದೆಲಗ ಬೇರೆ.)

ಇದು ಯಾಕೆ ಮುಖ್ಯ? ಇಂಥ ಪ್ರಬಂಧ ಸಿಕ್ಕಾಗ ನಾನು ಮೊದಲು ಹುಡುಕುವುದು ಒಂದೇ. ಸಾರ ಜಠರವನ್ನು ತಾನೇ ಕಾಪಾಡಿತೋ, ಅಥವಾ ಶುಗರ್ ಇಳಿಸಿದ್ದರಿಂದ ಜಠರ ತಾನಾಗಿ ಚೇತರಿಸಿಕೊಂಡಿತೋ? ಎರಡನೆಯದಾದರೆ ಆ ಗಿಡ ಮಾಡಿದ ಕೆಲಸವನ್ನು ಇನ್ಸುಲಿನ್ ಕೂಡ ಮಾಡುತ್ತಿತ್ತು. ಇದನ್ನು ತಿಳಿಯಲು ಬರೀ ಇನ್ಸುಲಿನ್ ಕೊಟ್ಟ ಇಲಿಗಳ ಇನ್ನೊಂದು ಗುಂಪು ಬೇಕು. ಎಷ್ಟೋ ಪ್ರಬಂಧಗಳಲ್ಲಿ ಆ ಗುಂಪೇ ಇರುವುದಿಲ್ಲ. ‘ಜಠರ ಕಾಪಾಡುವ ಗಿಡ’ ಎಂಬ ಪಟ್ಟಿಯಲ್ಲಿ ಇರುವ ಒಂದಷ್ಟು ಹೆಸರು, ನಿಜವಾಗಿ ನೋಡಿದರೆ, ಶುಗರ್ ಇಳಿಸುವ ಗಿಡಗಳ ಪಟ್ಟಿಯಿಂದ ಬಂದದ್ದು.

ಈಗ ಅಮ್ಮನ ಜಠರಕ್ಕೆ ಬರೋಣ. ಇಲಿಯ ಜಠರದಲ್ಲಿ ಇದ್ದದ್ದು ಆಲ್ಕೋಹಾಲ್ ಸುಟ್ಟ ಗಾಯ. ನಿಮ್ಮ ಅಮ್ಮನಿಗೆ ಇರುವುದು ಅದೇನಾ? ನೀವು ಬರೆದ ಲಕ್ಷಣ ನೋಡಿದರೆ ನನಗೆ ಕನಿಷ್ಠ ನಾಲ್ಕು ಅನುಮಾನ ಬರುತ್ತವೆ. ಆಸ್ಪಿರಿನ್‌ನಿಂದ ಆದ ಹುಣ್ಣು ಇರಬಹುದು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇರಬಹುದು. ಹುಣ್ಣಿಗೆ ಇದು ಕಾರಣ ಎಂದು ತೋರಿಸಿದ್ದಕ್ಕೆ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅದಕ್ಕೆ ಆಂಟಿಬಯಾಟಿಕ್ ಕೋರ್ಸ್ ಬೇಕು, ಕಷಾಯ ಸಾಲದು. ಮೂರನೆಯದು ಮೆಟ್‌ಫಾರ್ಮಿನ್. ಇದು ತಮಾಷೆ ನೋಡಿ: ಗಿಡಮೂಲಿಕೆ ಬೇಕು ಎನ್ನುವ ಅಮ್ಮ ಗಿಡಮೂಲಿಕೆಯ ಮೊಮ್ಮಗನನ್ನು ದಿನಾ ನುಂಗುತ್ತಿದ್ದಾರೆ. ಯುರೋಪಿನಲ್ಲಿ ಗೆಲೀಗಾ ಎಂಬ ಗಿಡದಲ್ಲಿ ಶುಗರ್ ಇಳಿಸುವ ಒಂದು ವಸ್ತು ಸಿಕ್ಕಿತು. ಅದೇ ಜಾತಿಯ ವಸ್ತುಗಳನ್ನು ತಯಾರಿಸುತ್ತ ಹೋದಾಗ 1922ರಲ್ಲಿ ಮೆಟ್‌ಫಾರ್ಮಿನ್ ಹುಟ್ಟಿತು. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟೆರ್ನ್ ಅದನ್ನು ರೋಗಿಗಳಿಗೆ ಕೊಟ್ಟು ವರದಿ ಮಾಡಿದರು. ಒಳ್ಳೆಯ ಮಾತ್ರೆ. ಆದರೆ ಹೊಟ್ಟೆ ಉಬ್ಬರ, ಓಕರಿಕೆ, ಭೇದಿ ಬರಿಸುವುದರಲ್ಲಿ ಅದಕ್ಕೆ ಹೆಸರು ಇದೆ. ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಿ, ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ಜನಕ್ಕೆ ಸರಿಹೋಗುತ್ತದೆ.

ನಾಲ್ಕನೆಯದೇ ನನ್ನ ಮುಖ್ಯ ಅನುಮಾನ. ನಾಲ್ಕು ತುತ್ತಿಗೆ ಹೊಟ್ಟೆ ತುಂಬುವುದು. 14 ವರ್ಷದ ಶುಗರ್. ಇದು ಜಠರ ನಿಧಾನವಾಗಿರುವ ಲಕ್ಷಣ, ವೈದ್ಯರ ಭಾಷೆಯಲ್ಲಿ ಗ್ಯಾಸ್ಟ್ರೋಪರೆಸಿಸ್. 1958ರಲ್ಲಿ ಅಮೆರಿಕದ ಕ್ಯಾಸ್ಯಾಂಡರ್ ಎಂಬ ವೈದ್ಯರು ಮಧುಮೇಹಿಗಳ ಈ ತೊಂದರೆಗೆ ಹೆಸರಿಟ್ಟರು. ಕಾಲಿನ ನರ ಸತ್ತು ಪಾದ ಜೋಮು ಹಿಡಿಯುತ್ತದಲ್ಲ, ಹಾಗೆ ಜಠರವನ್ನು ಕುಣಿಸುವ ವೇಗಸ್ ನರವೂ ಕೆಡುತ್ತದೆ. ಜಠರದ ಗೋಡೆಯಲ್ಲಿ ನಿಮಿಷಕ್ಕೆ ಸುಮಾರು ಮೂರು ಸಲ ತಾಳ ಹಾಕುವ ಕಹಾಲ್ ಕೋಶಗಳು ಇರುತ್ತವೆ, ಅವು ಕಡಿಮೆಯಾಗುತ್ತವೆ. ತಿಂದ ಅನ್ನ ಮುಂದಕ್ಕೆ ಹೋಗದೆ ಅಲ್ಲೇ ಗಂಟೆಗಟ್ಟಲೆ ಕೂರುತ್ತದೆ. ಮಧ್ಯಾಹ್ನದ ಊಟದ ರುಚಿ ರಾತ್ರಿ ತೇಗಿನಲ್ಲಿ ಬರುತ್ತದೆ ಎಂದು ಅಮ್ಮ ಹೇಳಿದ್ದಾರಾ? ಕೇಳಿ ನೋಡಿ.

ಇದರಲ್ಲಿ ಇನ್ನೊಂದು ತೊಡಕು ಇದೆ. ಗ್ಲಿಮೆಪಿರೈಡ್ ನುಂಗಿದ ಮೇಲೆ ಇನ್ಸುಲಿನ್ ಹೊರಗೆ ಬರುತ್ತದೆ, ಆದರೆ ಊಟ ಇನ್ನೂ ಜಠರದಲ್ಲೇ ಕೂತಿದೆ, ರಕ್ತಕ್ಕೆ ಸಕ್ಕರೆ ಬಂದಿಲ್ಲ. ಆಗ ಊಟ ಆದ ಮೇಲೇ ಶುಗರ್ ಇಳಿದು ಬೆವರು, ನಡುಕ ಬರುತ್ತದೆ. ಗಾಬರಿಯಾಗಿ ಸಕ್ಕರೆ ತಿನ್ನಿಸುತ್ತೀರಿ. ಮೂರು ಗಂಟೆ ಬಿಟ್ಟು ಊಟವೂ ಅರಗಿ ಶುಗರ್ ಮೇಲಕ್ಕೆ ಹಾರುತ್ತದೆ. ಶುಗರ್ ಜಾಸ್ತಿಯಾದರೆ ಅದೇ ಜಠರವನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಮನೆಯವರಿಗೆ ಇದು ಅರ್ಥವೇ ಆಗಲ್ಲ, ಪಾಪ ಅಮ್ಮ ಕದ್ದು ಸಿಹಿ ತಿಂದಿದ್ದಾರೆ ಎಂದು ಬೈಯುತ್ತಾರೆ.

ಈಗ ಮೆಂತ್ಯ ನೋಡಿ. ಮೆಂತ್ಯದ ಮೇಲೆ ನನಗೆ ಗೌರವ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1990ರಲ್ಲಿ ಟೈಪ್ 1 ಶುಗರ್ ಇರುವವರಿಗೆ ದಿನಕ್ಕೆ 100 ಗ್ರಾಂ ಎಣ್ಣೆ ತೆಗೆದ ಮೆಂತ್ಯದ ಪುಡಿ ಕೊಟ್ಟು ಶುಗರ್ ಇಳಿದದ್ದನ್ನು ತೋರಿಸಿತು. ನೂರು ಗ್ರಾಂ! ಒಂದು ಚಮಚ ಅಲ್ಲ. 2002ರಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದವರು ಆಲ್ಕೋಹಾಲ್ ಕೊಟ್ಟ ಇಲಿಗಳಲ್ಲಿ ಮೆಂತ್ಯ ಹುಣ್ಣು ತಡೆಯುತ್ತದೆ ಎಂದರು. ಎರಡಕ್ಕೂ ಒಂದು ಸಾಮಾನ್ಯ ಕಾರಣ ಮೆಂತ್ಯದ ಲೋಳೆ, ಗ್ಯಾಲಕ್ಟೊಮ್ಯಾನನ್ ಎಂಬ ಕರಗುವ ನಾರು. ಅದು ಜಠರದ ಗೋಡೆಗೆ ಅಂಟಿಕೊಳ್ಳುತ್ತದೆ, ಊಟವನ್ನು ಗಟ್ಟಿ ಅಂಬಲಿಯ ಹಾಗೆ ಮಾಡಿ ಸಕ್ಕರೆ ಮೆಲ್ಲಗೆ ಹೀರುವಂತೆ ಮಾಡುತ್ತದೆ. ಅಂದರೆ ಜಠರ ಖಾಲಿಯಾಗುವುದನ್ನು ತಡ ಮಾಡುತ್ತದೆ. ಜಠರ ಸರಿ ಇರುವ ಶುಗರ್ ರೋಗಿಗೆ ಇದು ವರ. ಜಠರವೇ ನಿಂತುಹೋದವರಿಗೆ ಅದೇ ಗುಣ ಕಷ್ಟ. ನಾರು ಒಳಗೇ ಉಂಡೆ ಕಟ್ಟುವುದೂ ಉಂಟು. ಇಲಿಯ ಹುಣ್ಣಿಗೆ ಒಳ್ಳೆಯದು ಎಂದು ಬರೆದದ್ದು ಅಮ್ಮನ ಹೊಟ್ಟೆ ಭಾರಕ್ಕೆ ಕಾರಣವಾಗಿರಬಹುದು ಎಂದು ಹೇಳುವುದು ಇದಕ್ಕೇ. ಒಗ್ಗರಣೆಯ ಮೆಂತ್ಯ ಬಿಡಬೇಕಿಲ್ಲ. ರಾತ್ರಿಯ ಪುಡಿಯನ್ನು ಪರೀಕ್ಷೆ ಆಗುವ ತನಕ ನಿಲ್ಲಿಸಿ, ಹೊಟ್ಟೆ ಹಗುರವಾಗುತ್ತದಾ ನೋಡಿ.

ಇಲಿಯಿಂದ ಮನುಷ್ಯನಿಗೆ ದಾರಿ ಎಷ್ಟು ದೂರ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇದು ಗಿಡದ್ದಲ್ಲ, ಆದರೆ ಮಧುಮೇಹದ ಜಠರದ್ದೇ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮಧುಮೇಹದ ಚಿಟ್ಟಿಲಿಗಳ ಮೇಲೆ ಬಹಳ ಒಳ್ಳೆಯ ಕೆಲಸ ಆಗಿದೆ. ಪುಂಡ ಕಣಗಳಿಂದ ರಕ್ಷಿಸುವ ಒಂದು ಕಿಣ್ವ ಕಡಿಮೆಯಾದಾಗ ಕಹಾಲ್ ಕೋಶಗಳು ಸಾಯುತ್ತವೆ, ಜಠರ ನಿಧಾನವಾಗುತ್ತದೆ. ಹೀಮಿನ್ ಎಂಬ ಔಷಧ ಕೊಟ್ಟು ಆ ಕಿಣ್ವ ಹೆಚ್ಚಿಸಿದರೆ ಜಠರ ಮತ್ತೆ ಸರಿಯಾಗುತ್ತದೆ. ಎಷ್ಟು ಅಂದವಾದ ವಿವರಣೆ ಅಲ್ವಾ? ಅದೇ ಹೀಮಿನ್ ಅನ್ನು 20 ರೋಗಿಗಳ ಮೇಲೆ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಠರವೂ ಚುರುಕಾಗಲಿಲ್ಲ, ಲಕ್ಷಣವೂ ತಗ್ಗಲಿಲ್ಲ. ಕಾರಣ ಗೊತ್ತಿದ್ದು, ಶುದ್ಧ ಔಷಧ ಇದ್ದು, ಅಳತೆ ಸರಿ ಇದ್ದೂ ಹೀಗಾಯಿತು. ‘ಆಂಟಿಆಕ್ಸಿಡೆಂಟ್ (ಪುಂಡ ಕಣ ಹಿಡಿಯುವ ವಸ್ತು) ಇದೆ, ಆದ್ದರಿಂದ ಜಠರಕ್ಕೆ ಒಳ್ಳೆಯದು’ ಎಂದು ಯಾರಾದರೂ ಡಬ್ಬಿಯ ಮೇಲೆ ಬರೆದರೆ ನನಗೆ ಇದು ನೆನಪಾಗುತ್ತದೆ.

ಹಾಗಂತ ಮನುಷ್ಯರ ಮೇಲೆ ಏನೂ ನಡೆದಿಲ್ಲ ಎಂದಲ್ಲ. ಬೇವಿನದ್ದೇ ಒಂದು ಅಧ್ಯಯನ ಇದೆ. ಕೋಲ್ಕತ್ತದ ಭಾರತೀಯ ರಾಸಾಯನಿಕ ಜೀವಶಾಸ್ತ್ರ ಸಂಸ್ಥೆಯವರು 2004ರಲ್ಲಿ ಪ್ರಕಟಿಸಿದರು. ಬೇವಿನ ತೊಗಟೆಯ ನೀರಿನ ಸಾರವನ್ನು ಒಣಗಿಸಿ 30 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, 10 ದಿನ ಕೊಟ್ಟರು. ಜಠರದ ಆಮ್ಲ ಶೇ 77ರಷ್ಟು ಇಳಿಯಿತು. ಹುಣ್ಣು ಇದ್ದವರಿಗೆ 10 ವಾರ ಕೊಟ್ಟಾಗ ಹುಣ್ಣು ಬಹುತೇಕ ಮಾಯಿತು. ಸಣ್ಣ ಅಧ್ಯಯನ, ಆದರೂ ನನಗೆ ಮೆಚ್ಚುಗೆ ಇದೆ. ಅಲ್ಲಿ ಬಳಸಿದ್ದು ತೊಗಟೆ, ಅಮ್ಮ ಕುಡಿಯುವುದು ಎಲೆ. ಅಲ್ಲಿ ಅಳೆದ 30 ಮಿಲಿಗ್ರಾಂ, ಇಲ್ಲಿ ಒಂದು ಹಿಡಿ. ಮಧುಮೇಹಿಗಳಿಗಾಗಿ ಮಾಡಿದ ಪರೀಕ್ಷೆಯೂ ಅದಲ್ಲ. ಆಮ್ಲ ಇಳಿಸುವ ಕೆಲಸವನ್ನು ಅಮ್ಮನ ಪ್ಯಾಂಟೊಪ್ರಜೋಲ್ ಆಗಲೇ ಮಾಡುತ್ತಿದೆ. ಅದರ ಮೇಲೆ ಬೇವು ಸುರಿದರೆ ಹೆಚ್ಚು ಏನು ಸಿಗುತ್ತದೆ?

ಕಾಯಿ ಬಾಳೆಯ ಕಥೆ ನನಗೆ ಇನ್ನೂ ಇಷ್ಟ. 1980ರ ದಶಕದಲ್ಲಿ ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದವರು ಒಣಗಿಸಿದ ಬಾಳೆಕಾಯಿ ಪುಡಿ ಇಲಿಗಳ ಆಸ್ಪಿರಿನ್ ಹುಣ್ಣನ್ನು ತಡೆಯುತ್ತದೆ ಎಂದು ಕಂಡರು. ಹಣ್ಣಾದ ಬಾಳೆಗೆ ಆ ಗುಣ ಇಲ್ಲ. 1999ರಲ್ಲಿ ಅದರಲ್ಲಿ ಕೆಲಸ ಮಾಡುವ ವಸ್ತು ಲ್ಯೂಕೊಸಯನಿಡಿನ್ ಎಂದು ಗುರುತಿಸಿದರು. ಕಾಶಿಯವರು ಅದನ್ನು ಮಧುಮೇಹದ ಇಲಿಯಲ್ಲೂ ತೋರಿಸಿದರು: ಲೋಳೆ ಹೆಚ್ಚಿತು, ಹೊಸ ಕೋಶ ಬೆಳೆಯಿತು. ಬಾಳೆಕಾಯಿ ಪಲ್ಯ ತಿನ್ನಲು ಅಮ್ಮನಿಗೆ ಯಾವ ಅಡ್ಡಿಯೂ ಇಲ್ಲ. ಔಷಧ ಎಂದು ಲೆಕ್ಕ ಹಾಕದೆ ಪಲ್ಯ ಎಂದೇ ತಿನ್ನಲಿ, ಮೆತ್ತಗೆ ಬೇಯಿಸಿ.

ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಹಿಂದೆ ಬಿದ್ದಿಲ್ಲ. ಮಾಗಳಿ ಬೇರಿನಿಂದ ಪೆಕ್ಟಿನ್ ಜಾತಿಯ ಒಂದು ಸಕ್ಕರೆ ಸರಪಳಿಯನ್ನು ಬೇರೆ ಮಾಡಿ, ಅದು ಇಲಿಗಳಲ್ಲಿ ಹುಣ್ಣು ತಡೆಯುತ್ತದೆ, ಆಮ್ಲದ ಪಂಪನ್ನು ತಗ್ಗಿಸುತ್ತದೆ, ಪ್ರಯೋಗಾಲಯದಲ್ಲಿ ಪೈಲೊರಿ ಬ್ಯಾಕ್ಟೀರಿಯಾವನ್ನೂ ಅಡಗಿಸುತ್ತದೆ ಎಂದು 2007ರಲ್ಲಿ ಪ್ರಕಟಿಸಿದರು. ಇದನ್ನು ಹೇಳಿದ ತಕ್ಷಣ ಜನ ಮಾಗಳಿ ಬೇರಿನ ಉಪ್ಪಿನಕಾಯಿ ಹುಡುಕಿಕೊಂಡು ಹೋಗುತ್ತಾರೆ. ಮೊಸರನ್ನಕ್ಕೆ ಅದರಷ್ಟು ರುಚಿ ಬೇರೆ ಇಲ್ಲ, ಒಪ್ಪುತ್ತೇನೆ. ಆದರೆ ಆ ಡಬ್ಬಿಯಲ್ಲಿ ಇರುವುದು ಮುಖ್ಯವಾಗಿ ಉಪ್ಪು. ಸ್ಟೆಂಟ್ ಇರುವವರಿಗೆ ದಿನಾ ಅದು ಆಗಲ್ಲ. ಕಬ್ಬು ಜಗಿಯುವುದೂ ಸಕ್ಕರೆ ತಿನ್ನುವುದೂ ಒಂದೇ ಅಲ್ಲವಲ್ಲ, ಗಿಡಕ್ಕೂ ಅದರಿಂದ ತೆಗೆದ ಸಾರಕ್ಕೂ ಅಷ್ಟೇ ವ್ಯತ್ಯಾಸ.

ಗಿಡದಿಂದ ಜಠರದ ಔಷಧ ನಿಜಕ್ಕೂ ಹುಟ್ಟಿದ್ದಿದೆ. ಜ್ಯೇಷ್ಠಮಧು. 1946ರಲ್ಲಿ ಹಾಲೆಂಡಿನ ರೆವರ್ಸ್ ಎಂಬ ವೈದ್ಯರು ಊರಿನ ಔಷಧ ಅಂಗಡಿಯ ಜ್ಯೇಷ್ಠಮಧು ಲೇಹ್ಯದಿಂದ ಜನರ ಹುಣ್ಣು ಮಾಯುವುದನ್ನು ಕಂಡರು. ಜೊತೆಗೇ ಇನ್ನೊಂದನ್ನೂ ಕಂಡರು: ಕೆಲವರ ಮುಖ, ಕಾಲು ಊದಿಕೊಂಡಿತ್ತು. ಬ್ರಿಟನ್‌ನಲ್ಲಿ ಅದರಿಂದ ಕಾರ್ಬೆನೊಕ್ಸೊಲೋನ್ ಎಂಬ ಮಾತ್ರೆ ಮಾಡಿದರು. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿದ ರಿಚರ್ಡ್ ಡಾಲ್ ಅವರೇ 1962ರಲ್ಲಿ ಪರೀಕ್ಷೆ ಮಾಡಿ ಅದು ಹುಣ್ಣು ಮಾಯಿಸುತ್ತದೆ ಎಂದರು. ಊತದ ತೊಂದರೆ ಮಾತ್ರ ಹೋಗಲಿಲ್ಲ. ಜ್ಯೇಷ್ಠಮಧುವಿನ ವಸ್ತು ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ, ಅದರಿಂದ ಉಪ್ಪು ಮತ್ತು ನೀರು ದೇಹದಲ್ಲೇ ಉಳಿಯುತ್ತವೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ. 1976ರಲ್ಲಿ ಆಮ್ಲ ಇಳಿಸುವ ಸಿಮೆಟಿಡಿನ್ ಮಾತ್ರೆ ಬಂದ ಮೇಲೆ ಅದು ಮೂಲೆಗೆ ಸರಿಯಿತು. ಹೃದಯದ ತೊಂದರೆ ಇರುವ ನಿಮ್ಮ ಅಮ್ಮನಿಗೆ ಜ್ಯೇಷ್ಠಮಧುವಿನ ಕಷಾಯ ದಿನಾ ಬೇಡವೇ ಬೇಡ. ಗಿಡ ಕೆಲಸ ಮಾಡುತ್ತದೆ ಅಂದರೆ ಬೇಡದ ಕೆಲಸವನ್ನೂ ಮಾಡುತ್ತದೆ.

ಅಮೃತಬಳ್ಳಿಯೂ ಹಾಗೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದು ಲಿವರ್ ಕೆಟ್ಟ ಆರು ಜನರ ವರದಿ ಕೊಟ್ಟರು. ಮರುವರ್ಷ ದೇಶದ ಬೇರೆ ಬೇರೆ ಊರುಗಳಿಂದ 43 ಜನರ ವರದಿ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬೇರೆ ಗಿಡ ಬೆರೆತಿರಬಹುದು ಎಂದಿತು. ನನ್ನ ಅಭಿಪ್ರಾಯ ಕೇಳಿದರೆ, ಕೆಲವು ಥೈರಾಯ್ಡ್ ಕಾಯಿಲೆಗಳಂಥ ಆಟೊಇಮ್ಯೂನ್ ತೊಂದರೆ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವುದು) ಇರುವವರು ಅದರ ಹತ್ತಿರ ಹೋಗಬಾರದು. ಉಳಿದವರೂ ತಿಂಗಳುಗಟ್ಟಲೆ ಕುಡಿಯುವುದು ಬೇಡ.

ಅಳತೆಯ ಮಾತು ಬಂತಲ್ಲ. ಇಲಿಗೆ ಕೆಜಿಗೆ 200 ಮಿಲಿಗ್ರಾಂ ಸಾರ ಕೊಟ್ಟರು ಎಂದುಕೊಳ್ಳಿ. ಮನುಷ್ಯನಿಗೆ ಲೆಕ್ಕ ಹಾಕುವಾಗ ಸುಮಾರು ಆರರಿಂದ ಭಾಗಿಸುತ್ತೇವೆ, ದೊಡ್ಡ ಪ್ರಾಣಿಯ ದೇಹ ನಿಧಾನವಾಗಿ ನಡೆಯುವುದರಿಂದ. ಕೆಜಿಗೆ ಸುಮಾರು 33 ಮಿಲಿಗ್ರಾಂ ಆಯಿತು. 60 ಕೆಜಿ ತೂಕದವರಿಗೆ ಸುಮಾರು 2 ಗ್ರಾಂ. ಇದು ಒಣಗಿಸಿದ ಸಾರ. ಹತ್ತು ಗ್ರಾಂ ಒಣ ಎಲೆಯಿಂದ ಒಂದು ಗ್ರಾಂ ಸಾರ ಬಂದರೆ, ದಿನಾ 20 ಗ್ರಾಂ ಒಣ ಎಲೆ ಬೇಕು. ಎಷ್ಟೋ ಪ್ರಯೋಗಗಳಲ್ಲಿ ಆ ಸಾರ ತೆಗೆದದ್ದು ಆಲ್ಕೋಹಾಲ್‌ನಿಂದ, ನೀರಿನಿಂದಲ್ಲ. ಹಾಗಾಗಿ ಮಿಕ್ಸಿಯಲ್ಲಿ ರುಬ್ಬಿದ ರಸ ಪ್ರಬಂಧದಲ್ಲಿ ಇರುವ ವಸ್ತುವೇ ಅಲ್ಲ.

ಈಗ ಮಾಡಬೇಕಾದ್ದು. ಹೊಟ್ಟೆಯ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿ. ಈ ವಯಸ್ಸಲ್ಲಿ, ಆಸ್ಪಿರಿನ್ ಮೇಲಿರುವವರಿಗೆ, ಒಂದು ವರ್ಷದ ಉರಿ ಎಂದರೆ ಸುಮ್ನೆ ಮಾತ್ರೆ ಬದಲಿಸುತ್ತ ಕೂರುವುದು ಸರಿಯಲ್ಲ. ಶುಗರ್ ಹಳೆಯದಾದರೆ ನೋವು ಗೊತ್ತಾಗುವುದೂ ಕಡಿಮೆ, ಹುಣ್ಣು ಇದ್ದರೂ ನೋವಿರದೆ ನೇರ ರಕ್ತಸ್ರಾವದಲ್ಲೇ ಗೊತ್ತಾಗಬಹುದು. ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿ ಕಾಫಿ ಗಸಿಯ ಬಣ್ಣ ಇದ್ದರೆ, ತೂಕ ಇಳಿಯುತ್ತಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಪೈಲೊರಿ ಪರೀಕ್ಷೆ ಆಗಲಿ. ಪ್ಯಾಂಟೊಪ್ರಜೋಲ್ ಆ ಪರೀಕ್ಷೆಯನ್ನು ತಪ್ಪು ದಾರಿಗೆ ಎಳೆಯುತ್ತದೆ, ಏನು ಮಾಡಬೇಕು ಎಂದು ಮೊದಲೇ ಕೇಳಿಕೊಳ್ಳಿ. ರಕ್ತದಲ್ಲಿ ಬಿ12 ನೋಡಿಸಿ. ಮೆಟ್‌ಫಾರ್ಮಿನ್ ಒಂದು ಕಡೆಯಿಂದ, ಪ್ಯಾಂಟೊಪ್ರಜೋಲ್ ಇನ್ನೊಂದು ಕಡೆಯಿಂದ ಬಿ12 ಕಡಿಮೆ ಮಾಡುತ್ತವೆ. ಎಂಡೋಸ್ಕೋಪಿಯಲ್ಲಿ ಏನೂ ಕಾಣದಿದ್ದರೆ ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬ ಸ್ಕ್ಯಾನ್ ಇದೆ. ಅತಿ ಸಣ್ಣ ಪ್ರಮಾಣದ ವಿಕಿರಣ ವಸ್ತು ಬೆರೆಸಿದ ತಿಂಡಿ ತಿನ್ನಿಸಿ, ನಾಲ್ಕು ಗಂಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಶೇ 10ಕ್ಕಿಂತ ಜಾಸ್ತಿ ಉಳಿದಿದ್ದರೆ ಜಠರ ನಿಧಾನ ಎಂದು ಅರ್ಥ. ಹೊರದೇಶದಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ ಕೊಡುತ್ತಾರೆ, ನಮ್ಮಲ್ಲಿ ಕೆಲವು ಕಡೆ ಇಡ್ಲಿ.

ಜಠರ ನಿಧಾನ ಎಂದು ಗೊತ್ತಾದರೆ, ಎಲ್ಲ ಸಾರಗಳಿಗಿಂತ ಒಳ್ಳೆಯ ಆಧಾರ ಇರುವುದು ಊಟದ ರೀತಿಗೆ. 2014ರಲ್ಲಿ ಸ್ವೀಡನ್‌ನವರು ಜಠರ ನಿಧಾನವಾಗಿದ್ದ 56 ಮಧುಮೇಹಿಗಳನ್ನು ಎರಡು ಗುಂಪು ಮಾಡಿ 20 ವಾರ ನೋಡಿದರು. ಚಮಚದಲ್ಲಿ ಒತ್ತಿದರೆ ಬೇಯಿಸಿದ ಆಲೂಗಡ್ಡೆಯ ಹಾಗೆ ಪುಡಿಯಾಗುವ ಊಟ ತಿಂದ ಗುಂಪಿಗೆ ಓಕರಿಕೆ, ವಾಂತಿ, ಉಬ್ಬರ ಎಲ್ಲ ಕಡಿಮೆಯಾಯಿತು. ನಮ್ಮ ಅಡುಗೆಮನೆಗೆ ಇದು ಕಷ್ಟವೇ ಅಲ್ಲ. ಇಡ್ಲಿ, ಮಸೆದ ತೊವ್ವೆ, ಮೆತ್ತನೆಯ ಅನ್ನ, ಸಿಪ್ಪೆ ಬೀಜ ತೆಗೆದು ಮಸೆದ ಕುಂಬಳ, ಸೋಸಿದ ಸಾರು, ಮೊಸರು. ಸ್ವಲ್ಪ ಸ್ವಲ್ಪ, ದಿನಕ್ಕೆ ಐದು ಸಲ. ಹಸಿ ತರಕಾರಿ ಕೋಸಂಬರಿ, ನಾರಿನ ನುಗ್ಗೆ, ಕರಿದ ತಿಂಡಿ, ಕಿತ್ತಳೆಯ ತೊಳೆ ಸದ್ಯಕ್ಕೆ ಬೇಡ. ಗಂಜಿ ಜಠರಕ್ಕೆ ಹಗುರ, ಆದರೆ ಶುಗರ್ ಬೇಗ ಏರಿಸುತ್ತದೆ. ಸಣ್ಣ ಬಟ್ಟಲಲ್ಲಿ, ತೊವ್ವೆ ಸೇರಿಸಿ ಕೊಡಿ. ಊಟ ಆದ ಮೇಲೆ ಅರ್ಧ ಗಂಟೆ ಮನೆಯೊಳಗೇ ಓಡಾಡಲಿ, ಮಲಗುವುದು ಬೇಡ.

ಏನಾದರೂ ಒಂದು ಗಿಡ ಬೇಕೇಬೇಕು ಎಂದು ಅಮ್ಮ ಹಟ ಹಿಡಿದರೆ ಶುಂಠಿ ಆಗಬಹುದು. ತೈವಾನ್‌ನಲ್ಲಿ 1.2 ಗ್ರಾಂ ಶುಂಠಿ ಪುಡಿ ಕೊಟ್ಟು ನೋಡಿದಾಗ ಆರೋಗ್ಯವಂತರ ಜಠರವೂ, ಅಜೀರ್ಣ ಇದ್ದ 11 ಜನರ ಜಠರವೂ ಬೇಗ ಖಾಲಿಯಾಯಿತು. ಅಜೀರ್ಣದವರ ತೊಂದರೆಯ ಅನುಭವ ಮಾತ್ರ ಬದಲಾಗಲಿಲ್ಲ, ಅದನ್ನೂ ಅವರೇ ಬರೆದಿದ್ದಾರೆ. ಅಡುಗೆಯಲ್ಲಿ ಹಾಕುವಷ್ಟು ಶುಂಠಿ, ತಂಬುಳಿಯಲ್ಲೋ ಸಾರಿನಲ್ಲೋ, ಆಸ್ಪಿರಿನ್ ಇದ್ದರೂ ತೊಂದರೆ ಮಾಡಲ್ಲ. ಶುಂಠಿಯ ಕ್ಯಾಪ್ಸೂಲ್ ಬೇಡ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ‘ಶುಗರ್ ಪುಡಿ’ಗಳಂತೂ ಮನೆಗೇ ತರಬೇಡಿ. ಅಂಥ ಕೆಲವು ಪುಡಿಗಳಲ್ಲಿ ಅಲೋಪಥಿಯ ಶುಗರ್ ಮಾತ್ರೆಯನ್ನೇ ಗುಟ್ಟಾಗಿ ಬೆರೆಸಿದ್ದು ಸಿಕ್ಕಿದೆ.

ಕೊನೆಯದಾಗಿ, ರಸ ನಿಲ್ಲಿಸಿದ ಮೇಲೆ ಎರಡು ವಾರ ಮನೆಯ ಗ್ಲುಕೊಮೀಟರ್‌ನಲ್ಲಿ ಶುಗರ್ ನೋಡುತ್ತಿರಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ಊಟವಾಗಿ ಒಂದು ಗಂಟೆಗೆ ಒಂದು, ಮೂರು ಗಂಟೆಗೆ ಇನ್ನೊಂದು. ಹಾಗಲ, ಬೇವು, ಮೆಂತ್ಯ ಇಷ್ಟು ದಿನ ಸ್ವಲ್ಪ ಶುಗರ್ ಇಳಿಸುತ್ತಿದ್ದರೆ ಈಗ ಅದು ಏರಬಹುದು, ಮಾತ್ರೆಯ ಅಳತೆ ಬದಲಿಸಬೇಕಾಗಬಹುದು. ಒಂದು ಗಂಟೆಗೆ ತೀರಾ ಕಡಿಮೆ, ಮೂರು ಗಂಟೆಗೆ ತೀರಾ ಜಾಸ್ತಿ ಬರುತ್ತಿದ್ದರೆ ಅದು ಜಠರ ನಿಧಾನ ಎಂಬ ಅನುಮಾನವನ್ನು ಗಟ್ಟಿ ಮಾಡುತ್ತದೆ. ಆ ಚೀಟಿಯನ್ನು, ಇಷ್ಟು ದಿನ ಕುಡಿದ ರಸದಲ್ಲಿ ಏನೇನು ಇತ್ತು ಎಂಬ ಪಟ್ಟಿಯ ಜೊತೆ, ವೈದ್ಯರ ಮೇಜಿನ ಮೇಲೆ ಇಡಿ. ಬೈಯುತ್ತಾರೆ ಎಂದು ರಸದ ವಿಷಯ ಮುಚ್ಚಿಡಬೇಡಿ.